ಒಂದ್ಗಂಟೆ ಮಾವ

ಉದ್ಯೋಗ ಸಮೀಕ್ಷೆಯ ಈ ಗಣತಿದಾರನಿಗೆ ಹೆತ್ತವರಿಟ್ಟ ಹೆಸರು ಕಾಗದಪತ್ರಕ್ಕಷ್ಟೇ. ಅವನು ಸುತ್ತುವ ಆರು ಬೀದಿಗೂ ಅವನು ಒಂದ್ಗಂಟೆ ಮಾವ. ವಾರದಲ್ಲಿ ಒಂದು ಗಂಟೆ ದುಡಿದರೂ ಸಮೀಕ್ಷೆಯ ಲೆಕ್ಕದಲ್ಲಿ ಉದ್ಯೋಗಸ್ಥರೇ. ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಅವನ ಪ್ರಶ್ನೆ ಒಳಗೆ ಹೋಗಿರುತ್ತದೆ: "ಹೋದ ವಾರ ಒಂದು ಗಂಟೆನಾದ್ರೂ ಕೆಲಸ ಮಾಡಿದ್ರಾ?" ದರ್ಜಿ ಅಂಗಡಿಯ ರಾಶಿ ಅಂಗಿಗಳನ್ನು ಮಡಿಲಿಗೆ ಹಾಕಿಕೊಂಡು ಗುಂಡಿ ಹೊಲಿಯುತ್ತಿದ್ದ ನಾಲ್ಕನೇ ಮನೆಯ ಸೊಸೆ, "ಅಯ್ಯೋ, ನನಗೆಲ್ಲಿ ಕೆಲಸ ಮಾವ, ಸುಮ್ನೆ ಮನೇಲಿರ್ತೀನಿ" ಎಂದರೆ, "ಸುಮ್ನಿದ್ದೇ ಮೂವತ್ತು ಅಂಗಿನಾ?" ಎಂದು ಗದರಿ, ಅವಳನ್ನು ಉದ್ಯೋಗಸ್ಥರ ಕಾಲಮ್ಮಿಗೆ ಸೇರಿಸುತ್ತಾನೆ. ನಿಜಕ್ಕೂ ಕೆಲಸವಿಲ್ಲದವರು ಸಿಕ್ಕರೆ ಮಾತ್ರ ಅವನ ಕರುಳು ಚುರ್ರೆನ್ನುತ್ತದೆ. ಬರೆದುಕೊಂಡು ಸುಮ್ಮನೆ ಬಾ ಎಂಬುದು ಕಚೇರಿಯ ಕಟ್ಟಪ್ಪಣೆ. ಆದರೆ ಅವನ ಬಾಯಿ ಕೇಳಬೇಕಲ್ಲ! "ಮೂರನೇ ಬೀದಿ ಬೇಕರೀಲಿ ಒಬ್ಬರು ಬೇಕಂತೆ. ನಾನು ಹೇಳಿದೆ ಅನ್ಬೇಡಿ" ಎಂದು ಪಿಸುಗುಟ್ಟಿ ಮುಂದಿನ ಮನೆಗೆ ಜಾರಿಕೊಳ್ಳುತ್ತಾನೆ. ಹೀಗಾಗಿ ಅವನು ಬೆಳಿಗ್ಗೆ ಬರೆದ ನಿರುದ್ಯೋಗ ಸಂಜೆಯೊಳಗೆ ಸುಳ್ಳಾಗಿರುತ್ತದೆ. ಸಮೀಕ್ಷೆಯಿಂದ ಸಮೀಕ್ಷೆಗೆ ಅವನ ಈ ಒಂದು ವಲಯದಲ್ಲಿ ಮಾತ್ರ ನಿರುದ್ಯೋಗ ಇಳಿದದ್ದೇಕೆಂದು ಕಚೇರಿಯ ತಜ್ಞರು ಎರಡು ದಿನ ತಲೆ ಕೆರೆದುಕೊಂಡು, ಕೊನೆಗೆ ಕೈಗಾರಿಕಾ ನೀತಿಯ ಬೆನ್ನು ತಟ್ಟಿ ಎದ್ದರು. ಇಂಥವನ ನೌಕರಿಯೂ ಗುತ್ತಿಗೆಯದೇ. ಸಮೀಕ್ಷೆ ಮುಗಿದರೆ ಮುಂದಿನ ಮೂರು ತಿಂಗಳು ಅವನ ಕೈಯೂ ಖಾಲಿ. ಹನ್ನೊಂದು ವರ್ಷದಿಂದ ಅದನ್ನು ಯಾರಿಗೂ ಹೇಳಿದವನಲ್ಲ. ಈ ಸಲ ಸಮೀಕ್ಷೆ ಮುಗಿದು ಎರಡು ವಾರವಾದ ಮೇಲೆ ಅವನು ತನ್ನ ಮನೆಯ ಹಜಾರದಲ್ಲಿ ಸಪ್ಪೆ ಮೋರೆ ಹಾಕಿಕೊಂಡು ಕೂತಿದ್ದಾಗ, ಅವನು ಹಗಲೆಲ್ಲ ಮನೆಯಲ್ಲೇ ಇರುವುದನ್ನು ಗಮನಿಸಿದ್ದ ನಾಲ್ಕನೇ ಮನೆಯ ಸೊಸೆ ಬಂದು, ಚಪ್ಪಲಿ ಬಿಡುವ ಮೊದಲೇ ಕೇಳಿದಳು: "ಮಾವ, ಹೋದ ವಾರ ಒಂದು ಗಂಟೆನಾದ್ರೂ ಕೆಲಸ ಮಾಡಿದ್ರಾ?" ಅವನು ತಲೆ ತಗ್ಗಿಸಿ ಇಲ್ಲವೆಂದ. ಅವಳು ಬಗ್ಗಿ ಪಿಸುಗುಟ್ಟಿದಳು: "ಮನೆಮನೆಗೆ ಅಂಗಿ ತಲುಪಿಸೋಕೆ ದರ್ಜಿ ಅಂಗಡಿಗೆ ಒಬ್ಬರು ಬೇಕಂತೆ. ನಾನು ಹೇಳಿದೆ ಅನ್ಬೇಡಿ."