ಕೊಬ್ಬರಿ ಅಟ್ಟದ ಕೆಳಗೆ ಅಕ್ಕನ ಹಾಸಿಗೆ

ರಕ್ತದ ಕ್ಯಾನ್ಸರ್ ಆಗಿದ್ದ ಅಕ್ಕನಿಗೆ ನನ್ನ ಅಸ್ಥಿಮಜ್ಜೆ ಹೊಂದಿತು. ಕಸಿಯಾದ ಎರಡು ತಿಂಗಳಿಗೆ ಅವಳನ್ನು ದಬ್ಬೇಘಟ್ಟದ ಮನೆಗೆ ಕರೆತಂದೆವು. ಧೂಳು, ಬೂಷ್ಟು ಹತ್ತಿರ ಸುಳಿಯಬಾರದು ಎಂದಿದ್ದರು ಡಾಕ್ಟರು. ಅಮ್ಮ ಮನೆಯನ್ನೆಲ್ಲ ತೊಳೆದಳು. ಜೀವಶಾಸ್ತ್ರದಲ್ಲಿ ಡಿಗ್ರಿ ಮಾಡಿದ ನಾನು ಬಾಗಿಲ ಚಿಲಕಕ್ಕೂ ಸ್ಪಿರಿಟ್ ಒರೆಸಿದೆ. ಆಮೇಲೆ ಇಬ್ಬರೂ ಸೇರಿ ಹಾಸಿಗೆ ಹಾಸಿದ್ದು ಎಲ್ಲಿ? ತಂಪಾಗಿರುತ್ತದೆಂದು, ಕೊಬ್ಬರಿ ಅಟ್ಟದ ಕೆಳಗೆ! ವರ್ಷದಿಂದ ಕಾಯಿ ಒಣಗುತ್ತಿದ್ದ ಅಟ್ಟ. ಹುಟ್ಟಿದಾಗಿನಿಂದ ಅದರಡಿ ಮಲಗಿದವರು ತಲೆಯೆತ್ತಿ ನೋಡುವುದೇ ಇಲ್ಲ.

ಮುಂದಿನ ವಾರ ಅಪ್ಪ ಅಟ್ಟ ಹತ್ತಿದರು. ನೀರು ಇಂಗಿದೆಯೇ ಎಂದು ಕಾಯಿಯೊಂದನ್ನು ಕಿವಿಯ ಬಳಿ ಅಲ್ಲಾಡಿಸಿ, "ಗಡಗಡ ಅಂತೈತೆ, ಕೊಬ್ಬರಿ ಆಗೋಯ್ತು ಬುಡು!" ಎಂದು ರಾಶಿಯನ್ನೇ ಕೆದಕಿದರು. ಸಂದಿಯಿಂದ ಕಪ್ಪು ಧೂಳು ಅಕ್ಕನ ಬೋಳುತಲೆಯ ಮೇಲೆ ಸುರಿಯಿತು.

"ನೋಡೇ, ಕೂದ್ಲು ಬಂತು!" ಎಂದು ಅಕ್ಕ ನಕ್ಕಳು.

ಮೂರನೇ ದಿನ ಬೆಳಿಗ್ಗೆ ಜ್ವರ.

ಬೆಂಗಳೂರಿನ ಆಸ್ಪತ್ರೆ ತಲುಪುವವರೆಗೆ ಆ ಧೂಳು ನನ್ನ ಕಣ್ಣಮುಂದೆ ಸುರಿಯುತ್ತಲೇ ಇತ್ತು. ಈಗಲೂ ಸುರಿಯುತ್ತದೆ. ಪರೀಕ್ಷೆಯಲ್ಲಿ ಬೂಷ್ಟಿನ ಸುಳಿವು ಸಿಗಲಿಲ್ಲ. ಸಿಕ್ಕಿದ್ದು ನೆಗಡಿಯ ವೈರಸ್. ಅವಳಿಗೆ ಅದೂ ಸಾಕಿತ್ತು.

"ಕಸಿಯಾದ ಮೇಲೆ ಬೇಗ ಚೇತರಿಸಿಕೊಳ್ಳೋದು ನ್ಯಾಚುರಲ್ ಕಿಲ್ಲರ್ ಅನ್ನೋ ರೋಗನಿರೋಧಕ ಜೀವಕೋಶಗಳು," ಎಂದರು ಡಾಕ್ಟರು. "ಎಲ್ಲಾ ಒಂದೇ ಥರ ಇರಲ್ಲ. ಎಳೆಯವು ಹೆಚ್ಚಾಗಿ ರಾಸಾಯನಿಕ ಬಿಟ್ಟು ಉಳಿದ ಕೋಶಗಳನ್ನ ಎಚ್ಚರಿಸ್ತವೆ. ಬಲಿತವು ವೈರಸ್ ಹೊಕ್ಕ ಕೋಶಾನ ತಾವೇ ಕೊಲ್ತವೆ. ಇವರಲ್ಲಿ ಇನ್ನೂ ಎಳೆಯವೇ ಜಾಸ್ತಿ. ಬಲೀತಾ ಇವೆ, ಕಾಯೋಣ."

"ನಿನ್ನವೇ ಅಲ್ವೇನೇ," ಎಂದಳು ಅಕ್ಕ, ನಡುಗುತ್ತಲೇ. "ಕೂಗಾಡಕ್ಕೆ ಮುಂದು!"

ಅಮ್ಮ ನನ್ನನ್ನು ಪಕ್ಕಕ್ಕೆ ಕರೆದಳು. "ಎಳನೀರೆಷ್ಟು, ಕೊಬ್ಬರಿಯೆಷ್ಟು, ಅಷ್ಟು ಹೇಳೇ ನಂಗೆ."

ನಾಲ್ಕು ದಿನ ಅಕ್ಕ, ಅಮ್ಮ, ನಾನು ಮೂವರೂ ನನ್ನ ಕೋಶಗಳಿಗೆ ಬೇಗ ಬಲಿಯಿರಿ ಎಂದು ಗದರುತ್ತ ಕೂತೆವು. ಐದನೆಯ ದಿನ ಜ್ವರ ಇಳಿಯಿತು. ಔಷಧಿಯ ಪಾಲೆಷ್ಟು, ಕೋಶಗಳ ಪಾಲೆಷ್ಟು ಹೇಳಲಾಗದು ಎಂದರು ಡಾಕ್ಟರು. ನಾನು ಕೇಳಿಸಿಕೊಳ್ಳಲೇ ಇಲ್ಲ. ಥರ್ಮಾಮೀಟರ್ ಹಿಡಿದು ವಾರ್ಡಿನ ಹೊರಗೆ ಕುಣಿದುಬಿಟ್ಟೆ; ನರ್ಸ್ ಅದನ್ನು ಕಿತ್ತುಕೊಂಡರು.

ಒಳಗೆ ಬಂದು ನಗಹೋದವಳಿಗೆ ಅಳು ನುಗ್ಗಿತು. ಅಕ್ಕ ನನ್ನ ಭುಜ ಹಿಡಿದು ಗಡಗಡ ಅಲ್ಲಾಡಿಸಿ, ಎದೆಗೆ ಕಿವಿಯಿಟ್ಟು ಅಪ್ಪನ ದನಿಯಲ್ಲಿ ಹೇಳಿದಳು:

"ಇದ್ರಲ್ಲಿನ್ನೂ ನೀರೈತೆ. ವಾಪಸ್ ಅಟ್ಟಕ್ಕೆ ಹಾಕ್ರಿ!"