ಗೆಳತಿಯ ಅಮ್ಮನ ಅಂಗಿ ತೊಟ್ಟ ದಿನ

"ಸತ್ತವರ ಬಟ್ಟೆ ಹಾಕುದಾ? ನಿಂಗೆ ಮಂಡೆ ಸಮ ಉಂಟಾ ಮಾರಾಯ್ತಿ?" ಎಂದು ನನ್ನ ಗಂಡ ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಆದರೆ ಈ ಗಲ್ಫ್ ಊರು ಹವಲ್ಲಿಯ ನಮ್ಮ ಬಿಲ್ಡಿಂಗಿನ ಎದುರು ಫ್ಲ್ಯಾಟಿನ ಗೆಳತಿ, ಅಳುತ್ತಳುತ್ತ ಬಿಳಿ ಅಂಗಿಯೊಂದನ್ನು ಹಿಡಿದು ನನ್ನ ಬಾಗಿಲಿಗೆ ಬಂದಿದ್ದಳು. ಇಲ್ಲವೆನ್ನುವ ಗಟ್ಟಿತನ ನನಗೆಲ್ಲಿಂದ ಬರಬೇಕು?

ಅವಳು ಶಾಲೆಯೊಂದರಲ್ಲಿ ಮಕ್ಕಳಿಗೆ ಈಜು ಕಲಿಸುತ್ತಾಳೆ. ಪಾಸ್‌ಪೋರ್ಟು ರಷ್ಯದ್ದು, ಆದರೆ ರಷ್ಯನ್ ಎಂದರೆ ಸಿಡುಕುತ್ತಾಳೆ. ವೋಲ್ಗಾ ನದಿಯ ಕಡೆಯ ಮಾರಿ ಎಂಬ ಜನ ಅವಳದು. ನಮ್ಮೂರಲ್ಲಿ ಮಾರಿ ಎಂದರೆ ಎಲ್ಲರೂ ಹೆದರುತ್ತಾರೆ ಎಂದು ನಾನೊಮ್ಮೆ ತಮಾಷೆ ಮಾಡಿದ್ದೆ. "ನಮಗೆ ಯಾರೂ ಹೆದರಲಿಲ್ಲ, ನಾವೇ ಹೆದರಿದ್ದು" ಎಂದಿದ್ದಳು.

ಅವಳ ಹಿರಿಯರಿಗೆ ಗುಡಿಯಿರಲಿಲ್ಲ, ದೇವರ ಬನವಿತ್ತು. ತುಳುವರ ಮನೆಯ ನನಗೆ ಬನವೆಂದರೆ ಬಿಡಿಸಿ ಹೇಳಬೇಕಾಗಿಲ್ಲ. ರಷ್ಯದ ಚಕ್ರವರ್ತಿಗಳ ಕಾಲದಲ್ಲಿ ಪಾದ್ರಿಗಳು ಸಿಪಾಯಿಗಳನ್ನು ಕರೆದುಕೊಂಡು ಬಂದರಂತೆ. ಊರವರನ್ನೆಲ್ಲ ಹೊಳೆಗಿಳಿಸಿ ಮತಾಂತರ ಮಾಡಿ, ರಷ್ಯನ್ ಹೆಸರಿಟ್ಟು, ಬನ ಕಡಿದರಂತೆ. ಆಮೇಲೆ ಶಾಲೆಗಳು ಬಂದವು, ಮನೆಮಾತಿಗೆ ನಗುವ ಮೇಷ್ಟರುಗಳು ಬಂದರು. ಚಕ್ರವರ್ತಿಗಳು ಹೋದರೂ ನಾಚಿಕೆ ಹೋಗಲಿಲ್ಲ. ಮಗಳಾದರೂ ತಲೆಯೆತ್ತಿ ಬದುಕಲಿ ಎಂದು ಅವಳ ಅಮ್ಮ ಅವಳಿಗೆ ರಷ್ಯನ್ ಮಾತ್ರ ಕಲಿಸಿದರು. ಕೇಳಿ ನನಗೆ ಮೈಯೆಲ್ಲ ಉರಿದಿತ್ತು. ಯಾರ ಮೇಲೆ ಹರಿಹಾಯಲಿ? ಯಾರೂ ಬದುಕಿಲ್ಲ.

ಆ ಅಮ್ಮ ತೀರಿಕೊಂಡಾಗ ಗೆಳತಿಯ ಇಕಾಮಾ, ಎಂದರೆ ಇಲ್ಲಿ ನೆಲೆಸುವ ಪರವಾನಗಿ, ನವೀಕರಣಕ್ಕೆ ಹೋಗಿತ್ತು. ಊರಿಗೆ ಹೋಗಲಾಗಲಿಲ್ಲ. ಅಣ್ಣ ಚರ್ಚಿನಲ್ಲಿ ಮಣ್ಣು ಮುಗಿಸಿ ಕೈತೊಳೆದುಕೊಂಡ. ಆದರೆ ಅವರ ಪೈಕಿ ಹಳೆಯ ಪದ್ಧತಿಯೊಂದು ಹೇಗೋ ಉಳಿದಿತ್ತು. ನಲವತ್ತನೆಯ ದಿನ, ಸತ್ತವರದೇ ಮೈಕಟ್ಟಿನ ಒಬ್ಬರು ಅವರ ಬಟ್ಟೆ ತೊಟ್ಟು ಕೂರಬೇಕು. ಮನೆಯವರು ಅವರಿಗೆ ಬಡಿಸಿ, ಮಾತಾಡಿಸಿ, ಕಳುಹಿಸಿಕೊಡಬೇಕು. ಇಲ್ಲದಿದ್ದರೆ ಹೋದ ಜೀವ ಬಾಗಿಲಲ್ಲೇ ನಿಂತಿರುತ್ತದಂತೆ. ಹಿಂದಿನ ಚಳಿಗಾಲದಲ್ಲಿ ಬಂದಿದ್ದ ಅಮ್ಮ ಕಸೂತಿಯ ಅಂಗಿಯೊಂದನ್ನು ಇಲ್ಲೇ ಬಿಟ್ಟುಹೋಗಿದ್ದರು. ಅವರೂ ನನ್ನ ಹಾಗೆ ಗಿಡ್ಡ, ದಪ್ಪ.

ಶುಕ್ರವಾರ ಮಧ್ಯಾಹ್ನ ಅಂಗಿ ತೊಟ್ಟು ಅವಳ ಮೇಜಿನ ಮುಂದೆ ಕುಳಿತೆ. ಸೆಕೆಗೆ ಬೆನ್ನೆಲ್ಲ ಒದ್ದೆ. ಅವಳು ಮೇಣದಬತ್ತಿ ಹಚ್ಚಿ, ಹಾಲು ಹಿಟ್ಟಿನ ದೋಸೆಯಂಥದ್ದನ್ನು ಬಡಿಸಿದಳು. ನಮ್ಮಲ್ಲೂ ಕುಲೆಗಳಿಗೆಂದು, ಸತ್ತ ಹಿರಿಯರಿಗೆಂದು, ಎಲೆ ಹಾಕಿ ಬಡಿಸುತ್ತೇವೆ. ಆದರೆ ಆ ಎಲೆಯ ಮುಂದೆ ನಾನೇ ಕೂತದ್ದು ಅದೇ ಮೊದಲು. ಅವಳು ನನ್ನ ಕೈ ಹಿಡಿದು, "ಅಮ್ಮಾ, ಒಮ್ಮೆಯಾದರೂ ನಿನ್ನ ಭಾಷೆಯಲ್ಲಿ ಮಾತಾಡು" ಎಂದು ಇಂಗ್ಲಿಷಿನಲ್ಲಿ ಬೇಡಿಕೊಂಡಳು.

ನನಗೆಲ್ಲಿ ಬರುತ್ತದೆ ಆ ಭಾಷೆ? ಕೊನೆಗೆ ನನ್ನ ಅಮ್ಮನ ಮಾತು ಬಾಯಿಗೆ ಬಂತು. "ಮಗಾ, ಬಂಜಿ ದಿಂಜ ಉಣ್ಲ. ಯಾನ್ ಪೋದು ಬರ್ಪೆ" ಎಂದೆ.

ಅವಳು ನನ್ನ ಮಡಿಲಿಗೆ ಬಿದ್ದು ಬಿಕ್ಕಿ ಬಿಕ್ಕಿ ಅತ್ತಳು. ಎಷ್ಟೋ ಹೊತ್ತಿನ ಮೇಲೆ ಅದರ ಅರ್ಥ ಕೇಳಿದಳು. ಹೊಟ್ಟೆ ತುಂಬ ಉಣ್ಣು ಮಗಳೇ, ನಾನು ಹೋಗಿ ಬರುತ್ತೇನೆ ಅಂತ ಹೇಳಿದೆ.

"ಕೊನೆಯ ದಿನ ಅಮ್ಮನಿಗೆ ರಷ್ಯನ್ ಮರೆತೇಹೋಗಿತ್ತು" ಎಂದಳು. "ಫೋನಿನಲ್ಲಿ ನಮ್ಮ ಭಾಷೆಯಲ್ಲೇ ಏನೋ ಕೇಳಿದಳು. ಮತ್ತೆ ಮತ್ತೆ ಅದನ್ನೇ ಕೇಳಿದಳು. ನನಗೆ ಒಂದಕ್ಷರ ತಿಳಿಯಲಿಲ್ಲ. ಹೂಂ ಅಮ್ಮಾ, ಹೂಂ ಎಂದುಬಿಟ್ಟೆ. ಅವಳು ಸುಮ್ಮನಾದಳು. ಯಾವುದಕ್ಕೆ ಹೂಂ ಅಂದೆನೋ, ನನಗೆ ಇವತ್ತಿಗೂ ಗೊತ್ತಿಲ್ಲ."