ಕಾಣೆಯಾದ ಐವತ್ತು ವೋಲ್ಟು

ಆಸ್ಪತ್ರೆಯಲ್ಲಿ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದ ಆ ಹೆಂಗಸಿಗೆ ಲೆಕ್ಕವೆಂದರೆ ಚಳಿಜ್ವರ. ಏಳನೇ ಕ್ಲಾಸಿನಲ್ಲಿ ಭಾಗಾಕಾರದ ಎದುರು ಸೋತು ಶಾಲೆ ಬಿಟ್ಟವಳು. ಅವಳ ಅತ್ತೆಯಾದರೋ ಮೋಟಾರು ರಿಪೇರಿ ಅಂಗಡಿಯಲ್ಲಿ ಮೂವತ್ತು ವರ್ಷ ತಾಮ್ರದ ತಂತಿ ಸುತ್ತಿದವರು. ಬೆರಳಿಗೆ ನಡುಕ ಬಂದ ಮೇಲೆ ಮನೆಯಲ್ಲೇ ಕೂತಿದ್ದರು. ಮಾತು ಕಡಿಮೆ, ಕಣ್ಣು ಚುರುಕು. ಅವರೆದುರು ಲೋಟ ಇಡುವಾಗಲೂ ಸೊಸೆ ಸದ್ದಾಗದಂತೆ ಇಡುತ್ತಿದ್ದಳು.

ಕೆಲವು ವಾರಗಳಿಂದ ಅವಳ ಮೇಜಿನ ಮೇಲೆ ಕೆಲಸವೇ ಸಾಗುತ್ತಿರಲಿಲ್ಲ. ಎಷ್ಟು ಒತ್ತಿ ಎಳೆದರೂ ಬಟ್ಟೆಯ ಸುಕ್ಕು ಹೋಗದು. ಮೇಲ್ವಿಚಾರಕ ಹೊಸ ಇಸ್ತ್ರಿ ಪೆಟ್ಟಿಗೆ ತರಿಸಿಕೊಟ್ಟ. ಅದೂ ಹಾಗೇ.

"ಪೆಟ್ಟಿಗೆ ಬದಲಾಯ್ತು, ನೀನು ಬದಲಾಗ್ಲಿಲ್ಲ," ಎಂದು ಅವನು ಎಲ್ಲರೆದುರು ಅಂದ.

ಅಂದು ಸಂಜೆ ಅವಳ ಬಾಡಿದ ಮುಖ ನೋಡಿ ಅತ್ತೆ ಕಾರಣ ಕೇಳಿದರು. ಅವಳು ಎಲ್ಲವನ್ನೂ ಹೇಳಿದಳು.

"ಪೆಟ್ಟಿಗೆ ಮೇಲೆ ಎಷ್ಟು ವ್ಯಾಟು ಅಂತ ಬರೆದಿದೆ?"

"ಸಾವಿರ."

"ಬರೆದಿರೋದು ಹಾಗಿರ್ಲಿ. ತಗೋತಾ ಇರೋದು ಎಷ್ಟು?"

ಅತ್ತೆ ಮಂಚದ ಕೆಳಗಿನಿಂದ ಒಂದು ಮರದ ಡಬ್ಬಿ ಎಳೆದರು. ಒಂದು ತುದಿಗೆ ಪ್ಲಗ್ಗು, ಇನ್ನೊಂದಕ್ಕೆ ಸಾಕೆಟ್ಟು, ಮೇಲೆ ಮುಳ್ಳಿರುವ ಎರಡು ಮೀಟರು: ಒಂದು ವೋಲ್ಟು ತೋರಿಸುವುದು, ಇನ್ನೊಂದು ಆಂಪಿಯರು. ಅದಕ್ಕೆ ನೀರು ಕಾಯಿಸುವ ಕೆಟಲ್ ಸಿಕ್ಕಿಸಿದರು. ಒಂದು ಮುಳ್ಳು ಇನ್ನೂರ ಮೂವತ್ತರಲ್ಲಿ, ಇನ್ನೊಂದು ಐದರಲ್ಲಿ ನಿಂತಿತು.

"ವೋಲ್ಟು ಅಂದ್ರೆ ಕರೆಂಟನ್ನ ತಳ್ಳೋ ಜೋರು. ಆಂಪಿಯರು ಅಂದ್ರೆ ಹರಿಯೋ ಕರೆಂಟು. ವೋಲ್ಟನ್ನ ಆಂಪಿಯರಿಂದ ಭಾಗಿಸು, ಒಳಗಿನ ತಂತಿ ಎಷ್ಟು ತಡೀತಿದೆ ಗೊತ್ತಾಗತ್ತೆ. ಅದಕ್ಕೆ ಓಮ್ ಅಂತಾರೆ. ಎರಡನ್ನೂ ಗುಣಿಸು, ವ್ಯಾಟು ಸಿಗತ್ತೆ."

"ಭಾಗಾಕಾರ ನಂಗೆ ಬರಲ್ಲ ಅತ್ತೆ."

"ಐದು ನಲವತ್ಲಿ ಇನ್ನೂರು. ಮಿಕ್ಕಿದ್ದು ಮೂವತ್ತು. ಮೂವತ್ತರಲ್ಲಿ ಐದು ಎಷ್ಟು ಸಲ?"

"ಆರು."

"ನಲವತ್ತಾರು ಓಮ್. ಬಂತಲ್ಲ."

ಇಷ್ಟು ಸಾವಧಾನವಾಗಿ ಅವಳಿಗೆ ಯಾರೂ ಲೆಕ್ಕ ಹೇಳಿಕೊಟ್ಟಿರಲಿಲ್ಲ. ಗುಣಾಕಾರ ತಾನೇ ಮಾಡಿದಳು: ಸಾವಿರದ ನೂರ ಐವತ್ತು ವ್ಯಾಟು. ಕೆಟಲಿನ ತಳ ತಿರುಗಿಸಿ ನೋಡಿದರೆ ಅಲ್ಲೂ ಅದೇ ಅಂಕಿ. ಅವಳಿಗೆ ನಗು ಬಂತು.

ಮರುದಿನ ಡಬ್ಬಿಯನ್ನು ಕೈಚೀಲದಲ್ಲಿಟ್ಟುಕೊಂಡು ಕೆಲಸಕ್ಕೆ ಹೋದಳು. ಬರೀ ಡಬ್ಬಿ ಸಿಕ್ಕಿಸಿದಾಗ ಇನ್ನೂರ ಮೂವತ್ತು ವೋಲ್ಟು. ಇಸ್ತ್ರಿ ಪೆಟ್ಟಿಗೆ ಹಾಕಿದ್ದೇ ತಡ, ಮುಳ್ಳು ನೂರ ಎಂಬತ್ತಕ್ಕೆ ಇಳಿಯಿತು. ಆಂಪಿಯರು ಮೂರು ಪಾಯಿಂಟ್ ನಾಲ್ಕು. ಚೀಟಿಯಲ್ಲಿ ಬರೆದುಕೊಂಡಳು.

ಸಂಜೆ ಇಬ್ಬರೂ ಅಡುಗೆಮನೆಯಲ್ಲಿ ಕೂತರು. ಗುಣಿಸಿದರೆ ಆರುನೂರ ಹನ್ನೆರಡು ವ್ಯಾಟು. ಭಾಗಿಸಿದರೆ ಹತ್ತಿರ ಹತ್ತಿರ ಐವತ್ಮೂರು ಓಮ್.

"ಇನ್ನೂರ ಮೂವತ್ತು ವೋಲ್ಟಲ್ಲಿ ಸಾವಿರ ವ್ಯಾಟು ತಗೊಳ್ಳೋ ಪೆಟ್ಟಿಗೆಗೆ ಐವತ್ಮೂರೇ ಇರ್ಬೇಕು," ಅಂದರು ಅತ್ತೆ. "ಪೆಟ್ಟಿಗೆ ಸರಿಯಾಗಿದೆ. ನೀನೂ ಸರಿಯಾಗಿದ್ದೀಯ. ಉಳಿದ ಐವತ್ತು ವೋಲ್ಟು ಎಲ್ಲಿ ಹೋಯ್ತು?"

ಸೊಸೆ ಐವತ್ತನ್ನು ಮೂರು ಪಾಯಿಂಟ್ ನಾಲ್ಕರಿಂದ ಗುಣಿಸಿದಳು. "ನೂರ ಎಪ್ಪತ್ತು ವ್ಯಾಟು."

ಅತ್ತೆಯ ಮುಖ ಗಂಭೀರವಾಯಿತು. "ಅಷ್ಟೂ ವೈರಿನ ದಾರೀಲಿ ಎಲ್ಲೋ ಬಿಸಿಯಾಗಿ ಹೋಗ್ತಾ ಇದೆ. ಆ ವೈರು ಎಲ್ಲಿಂದ ಬರತ್ತೆ?"

"ಮಡಚಿದ ಬಟ್ಟೆ ಇಡೋ ಕಪಾಟಿನ ಹಿಂದೆಯಿಂದ."

"ಕಪಾಟಿನ ಆಚೆ?"

"ಗೋಡೆ. ಗೋಡೆ ಆಚೆ ಹಸುಗೂಸುಗಳ ಕೋಣೆ." ಹೇಳುತ್ತಿದ್ದಂತೆ ಅವಳು ಎದ್ದು ನಿಂತಳು. ಆಗಲೇ ಆಸ್ಪತ್ರೆಗೆ ಫೋನು ಮಾಡಿ, ತನ್ನ ಮೇಜಿನ ಪಕ್ಕದ ಸಾಕೆಟ್ಟಿಗೆ ಯಾರೂ ಏನೂ ಹಾಕಬಾರದೆಂದು ಕಾವಲಿನವನಿಗೆ ಹೇಳಿದಳು.

ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಆ ಸಾಕೆಟ್ಟಿಗೆ ಅಡ್ಡವಾಗಿ ನಿಂತಳು. ಮೇಲ್ವಿಚಾರಕ ಮೂಗು ಮುರಿದ. "ಕೆಲಸ ಆಗದವಳಿಗೆ ಈಗ ವೈರಿನ ನೆಪ."

"ಎಲೆಕ್ಟ್ರಿಷಿಯನ್ನ ಕರೆಸಿ ಸಾರ್. ತಪ್ಪಾಗಿದ್ರೆ ಆಮೇಲೆ ಬೈಯಿರಿ." ಅವಳು ನಿಂತಲ್ಲಿಂದ ಕದಲಲಿಲ್ಲ.

ಆಸ್ಪತ್ರೆಯ ಎಲೆಕ್ಟ್ರಿಷಿಯನ್ ಬಂದು ಚೀಟಿ ಓದಿದ. "ಈ ಲೆಕ್ಕ ಯಾರು ಹಾಕಿದ್ದು?"

"ನಾನೇ. ನಮ್ಮತ್ತೆ ಹೇಳಿಕೊಟ್ರು."

ಅವನು ಕೂಡಲೇ ಹೋಗಿ ಮೇನ್ ಸ್ವಿಚ್ ಆರಿಸಿದ. ನಾಲ್ಕು ಜನ ಸೇರಿ ಕಪಾಟು ಸರಿಸಿದರು. ಹಿಂದೆ ಯಾವ ಕಾಲದಲ್ಲೋ ಸೇರಿಸಿ ಟೇಪು ಸುತ್ತಿದ್ದ ವೈರಿನ ಜೋಡಣೆ ಕರಗಿ ಕಪ್ಪಾಗಿತ್ತು. ಕಪಾಟಿನ ಹಲಗೆ ಅಂಗೈ ಅಗಲ ಇದ್ದಿಲಾಗಿತ್ತು. ಅದಕ್ಕೆ ತಾಗಿದ್ದ ಕೂಸುಗಳ ಹೊದಿಕೆಗಳ ಅಂಚು ಕಂದಿತ್ತು. ಮೇಲ್ವಿಚಾರಕ ಒಂದು ಹೊದಿಕೆ ತೆಗೆದು ಮೂಸಿದ.

"ನಿನ್ನ ಸುಮ್ಸುಮ್ನೆ ಬೈದುಬಿಟ್ಟೆ ಕಣಮ್ಮ," ಅಂದ.

ಹೊಸ ವೈರು ಎಳೆದ ಮೇಲೆ ಅವಳ ಇಸ್ತ್ರಿ ಪೆಟ್ಟಿಗೆ ಬಟ್ಟೆಯ ಮೇಲೆ ಜಾರಿಕೊಂಡು ಹೋಯಿತು. ಹೆರಿಗೆ ವಾರ್ಡಿನ ನರ್ಸು ಗೋಡೆಯಾಚೆಯ ಕೋಣೆಯಿಂದ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. ಅಂದು ಆಚೆ ಹನ್ನೊಂದು ಕೂಸುಗಳಿದ್ದವಂತೆ.

ಮುಂದೆ ಎಲೆಕ್ಟ್ರಿಷಿಯನ್ನೇ ಹಟ ಹಿಡಿದು ಅವಳನ್ನು ತನ್ನ ಕೆಲಸಕ್ಕೆ ಕೇಳಿ ಪಡೆದ. ಆಸ್ಪತ್ರೆಯ ಹೀಟರು, ಕೆಟಲು, ಇಸ್ತ್ರಿ ಪೆಟ್ಟಿಗೆಗಳನ್ನೆಲ್ಲ ತಿಂಗಳಿಗೊಮ್ಮೆ ಅಳೆದು ನೋಡುವುದು ಈಗ ಅವಳದೇ ಕೆಲಸ. ಎಲ್ಲರ ಬಾಯಲ್ಲೂ ಅವಳು ಮೀಟರಮ್ಮ.

ಆ ಹೊಸ ಕೆಲಸ ಸಿಕ್ಕ ದಿನ ಮನೆಗೆ ಬಂದು, "ನಿಮ್ಮ ಋಣ ಹೇಗೆ ತೀರಿಸ್ಲಿ ಅತ್ತೆ," ಎಂದಳು.

"ಋಣ ಗಿಣ ಏನಿಲ್ಲ. ಮೂವತ್ತು ವರ್ಷ ಆ ಅಂಗಡೀಲಿ ಏನು ಮಾಡ್ದೆ ಅಂತ ಈ ಮನೇಲಿ ಯಾರೂ ಒಂದು ಮಾತು ಕೇಳ್ಲಿಲ್ಲ. ನೀನು ಕೂತು ಕೇಳಿಸ್ಕೊಂಡೆ. ನಂಗೆ ಅದೇ ಸಾಕು."

ಚಹಾ ಕಾಯಿಸಲು ಎದ್ದಿದ್ದ ಸೊಸೆ ಮತ್ತೆ ಕೂತಳು. "ಹಾಗಾದ್ರೆ ಮೋಟಾರಿಗೆ ತಂತಿ ಸುತ್ತೋದು ಹೇಗೆ, ಮೊದಲಿಂದ ಹೇಳಿ," ಎಂದಳು.